ನೈರೋಬಿಯಲ್ಲಿ ಬೇಯದ ಅನ್ನ

ಇಳಿದ ದಿನ

ನಾನು ವಿದೇಶಕ್ಕೆ ಹೋದದ್ದು ಜೀವನದಲ್ಲಿ ಒಂದೇ ಸಲ, ಕೀನ್ಯಾಕ್ಕೆ. ಹೋಗಿ ಬಂದ ಮೇಲೆ ಎಲ್ಲರೂ ಮೊದಲು ಕೇಳಿದ್ದು, “ಸಿಂಹ ನೋಡಿದ್ರಾ?” ಎಂದು. ಇಲ್ಲ. ಸಿಂಹ ನೋಡಲಿಲ್ಲ, ಆನೆ ನೋಡಲಿಲ್ಲ, ಜಿರಾಫೆಯ ಕತ್ತು ಕೂಡ ಕಾಣಲಿಲ್ಲ. ಒಂದು ವಾರ ಅನ್ನ ನೋಡಿಕೊಂಡು ಕೂತಿದ್ದೆ. ಅದೂ ಬೇಯದ ಅನ್ನ.

ಪೀಣ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿ ಸೇರಿ, ಇಪ್ಪತ್ತೆರಡು ವರ್ಷ ದುಡಿದು ಸರ್ವಿಸ್ ವಿಭಾಗದ ಮುಖ್ಯಸ್ಥನಾದವನು ನಾನು. ಹಾಸ್ಟೆಲ್, ಆಸ್ಪತ್ರೆ, ಕಲ್ಯಾಣ ಮಂಟಪಗಳಿಗೆ ಹಬೆಯಲ್ಲಿ ಅನ್ನ ಬೇಯಿಸುವ ಯಂತ್ರ ಮಾಡುತ್ತೇವೆ. ನೋಡಲು ಉಕ್ಕಿನ ಬೀರುವಿನಂತಿರುತ್ತದೆ. ಒಳಗಿನ ತಟ್ಟೆಗಳಿಗೆ ಅಕ್ಕಿ, ನೀರು ಹಾಕಿ ಬಾಗಿಲು ಮುಚ್ಚಿ ಗುಂಡಿ ಒತ್ತಿದರೆ ಹಬೆ ನುಗ್ಗುತ್ತದೆ, ಹೊತ್ತು ಮುಗಿದಾಗ ತಾನೇ ನಿಲ್ಲುತ್ತದೆ. ಎಷ್ಟು ಹೊತ್ತು ಎನ್ನುವುದನ್ನು ನಾನೇ ಟೈಮರಿನಲ್ಲಿ ಹೊಂದಿಸಿ, ಅಡುಗೆಯವರು ಕೈಯಾಡಿಸದಂತೆ ತಂತಿ ಸುತ್ತಿ ಸೀಸದ ಸೀಲು ಒತ್ತುತ್ತೇನೆ. ಆ ಸೀಲಿನ ಬಗ್ಗೆ ನನಗೆ ಸ್ವಲ್ಪ ಜಾಸ್ತಿಯೇ ಹೆಮ್ಮೆ ಇತ್ತು ಎಂದು ಈಗ ಒಪ್ಪಿಕೊಳ್ಳುತ್ತೇನೆ.

ಅಂಥದೊಂದು ಯಂತ್ರವನ್ನು ನೈರೋಬಿಯ ವ್ಯಾಪಾರಿಯೊಬ್ಬರು ಕೊಂಡರು. ಕೂರಿಸಿಕೊಟ್ಟು ಬರಲು ಮಾಲೀಕರು ನನ್ನನ್ನು ಕಳಿಸಿದರು. ವಿಮಾನ ನಿಲ್ದಾಣದಲ್ಲಿ ನನ್ನ ಸ್ಪ್ಯಾನರುಗಳ ಪೆಟ್ಟಿಗೆ ಸರಿಯಾಗಿ ಬಂತು. ಬಟ್ಟೆಯ ಸೂಟ್‌ಕೇಸ್ ಬರಲಿಲ್ಲ. ಕೌಂಟರಿನ ಹುಡುಗಿ ನನ್ನ ಚೀಟಿ ನೋಡಿ, ತಲೆ ವಾಲಿಸಿ, “ಪೋಲೆ” ಎಂದಳು. ನನಗೆ ರೇಗಿಹೋಯಿತು. ಸಾಮಾನು ಕಳೆದವರು ಇವರು, ಪೋಲಿ ನಾನೇ? ಹೊರಗೆ ಕಾಯುತ್ತಿದ್ದ ಮಹೇಶರಿಗೆ ಇದನ್ನು ಹೇಳಿದರೆ ನಕ್ಕರು. ಮಹೇಶ್ ನಮ್ಮ ಮಾಲೀಕರ ಭಾವಮೈದ, ಟೆಲಿಕಾಂ ಕಂಪನಿಯ ಕೆಲಸದ ಮೇಲೆ ಬೆಂಗಳೂರಿನಿಂದ ಬಂದು ನಾಲ್ಕು ವರ್ಷದಿಂದ ಅಲ್ಲಿದ್ದವರು. ನನ್ನ ವಾಸ್ತವ್ಯ ಅವರ ಮನೆಯಲ್ಲಿಯೇ.

“ಪೋಲೆ ಅಂದ್ರೆ ಅಯ್ಯೋ ಪಾಪ ಅಂತ, ಚಂದ್ರಪ್ಪನವ್ರೇ. ಬೈದಿದ್ದಲ್ಲ. ಟೆನ್ಷನ್ ತಗೋಬೇಡಿ, ಎರಡ್ಮೂರು ದಿನದಲ್ಲಿ ಲಗೇಜ್ ಬರತ್ತೆ. ಅಲ್ಲೀವರ್ಗೂ ನನ್ ಬಟ್ಟೆ ಅಡ್ಜಸ್ಟ್ ಮಾಡ್ಕೊಳಿ.”

ಮಹೇಶ್ ಆರಡಿ ಮೇಲಿದ್ದಾರೆ. ನಾನು ಐದಡಿ ಮೂರಂಗುಲ. ರಿವರ್‌ಸೈಡಿನ ಅವರ ಅಪಾರ್ಟ್‌ಮೆಂಟಿನಲ್ಲಿ ಅವರ ಪ್ಯಾಂಟು ಹಾಕಿಕೊಂಡು ಹೊರಬಂದಾಗ ಅವರ ಒಂಬತ್ತು ವರ್ಷದ ಮಗಳು ತನ್ವಿ ಸೋಫಾದ ಮೇಲೆ ಬಿದ್ದು ಬಿದ್ದು ನಕ್ಕಳು. “ಏನಮ್ಮಾ ನಗ್ತೀಯ?” ಎಂದರೆ, “ನಥಿಂಗ್ ಅಂಕಲ್” ಎಂದು ಮತ್ತೆ ನಕ್ಕಳು. ನಾನು ಕನ್ನಡದಲ್ಲಿ ಏನು ಕೇಳಿದರೂ ಅವಳ ಉತ್ತರ ಇಂಗ್ಲಿಷಿನಲ್ಲೇ. ಕಾಲ ಬಳಿ ನಾಲ್ಕು ಮಡಿಕೆ ಮಡಚಿದ ಆ ಪ್ಯಾಂಟಿನಲ್ಲೇ ನನ್ನ ವಿದೇಶ ಪ್ರವಾಸ ನಡೆಯಿತು.

ನ್ಗಾರಾ, ಆಮೇಲೆ ಅಂಗಡಿ

ಯಂತ್ರ ಕೊಂಡವರು ಹಸ್ಮುಖ್‌ಭಾಯ್. ನ್ಗಾರಾ ಎಂಬ ಪೇಟೆಯಲ್ಲಿ ಹೋಟೆಲ್ ಪಾತ್ರೆಗಳ ಅಂಗಡಿ. ಅಜ್ಜನ ಕಾಲದಲ್ಲೇ ಗುಜರಾತಿನಿಂದ ಬಂದ ಮನೆತನ. ಅಂಗಡಿಯಲ್ಲಿ ಕಾಲಿಡಲು ಜಾಗವಿಲ್ಲದಷ್ಟು ಪಾತ್ರೆ, ಥೇಟ್ ನಮ್ಮ ಚಿಕ್ಕಪೇಟೆ. ಚಹಾ ಕುಡಿಸದೆ ಮಾತೇ ಶುರುಮಾಡುವುದಿಲ್ಲ. ಎರಡನೇ ಲೋಟ ಮುಗಿದ ಮೇಲೆ ಅವರು ವಿಷಯ ಹೇಳಿದರು. ಊರಿನ ಮಧ್ಯಭಾಗವಾದ ಸಿಬಿಡಿಯಲ್ಲಿ ಆಫೀಸುಗಳ ನಡುವೆ ಒಂದು ಕಟ್ಟಡದ ನೆಲಮಹಡಿಯಲ್ಲಿ ಹತ್ತಾರು ತಿಂಡಿ ಅಂಗಡಿಗಳಿವೆ, ಒಂದು ತಮ್ಮದು, ಅಲ್ಲಿ ಮಂಗಳವಾರದಿಂದ ಜಪಾನಿ ಅನ್ನದ ಬಟ್ಟಲು ಮಾರುತ್ತೇವೆ ಎಂದು.

“ಜಪಾನಿನವರು ಮಾಡ್ತಾರಾ?”

“ಇಲ್ಲ, ಗ್ರೇಸ್ ಮಾಡ್ತಾಳೆ.”

ಗುಜರಾತಿಯ ಅಂಗಡಿ, ಪೀಣ್ಯದ ಯಂತ್ರ, ಕೀನ್ಯಾದ ಅಡುಗೆಯವಳು, ಜಪಾನಿನ ಊಟ. ಇದು ಎಲ್ಲಿಗೆ ಹೋಗಿ ಮುಟ್ಟುತ್ತದೋ ಎಂದುಕೊಂಡೆ.

ತಿಂಡಿ ಅಂಗಡಿಗೆ ಹೋದಾಗ ಗ್ರೇಸ್ ಸಿಕ್ಕಳು, ಐವತ್ತು ದಾಟಿದ, ಗಟ್ಟಿಮುಟ್ಟಾದ ಹೆಂಗಸು. ನಮ್ಮಿಬ್ಬರ ಮಾತೆಲ್ಲ ಇಂಗ್ಲಿಷಿನಲ್ಲಿ. ಆಕೆಯ ಇಂಗ್ಲಿಷ್ ಶಾಲೆಯಲ್ಲಿ ಕಲಿತದ್ದು, ನನ್ನದು ಕಾರ್ಖಾನೆಯಲ್ಲಿ ಕಲಿತದ್ದು. ರಸ್ತೆ ಕಟ್ಟಿಸಲು ಬಂದಿದ್ದ ಜಪಾನಿ ಇಂಜಿನಿಯರರ ಮನೆಯಲ್ಲಿ ಹದಿನಾಲ್ಕು ವರ್ಷ ಅಡುಗೆ ಮಾಡಿದವಳಂತೆ. ಆ ಮನೆಯ ಹೆಂಗಸು ಪಕ್ಕದಲ್ಲಿ ನಿಂತು ಕಲಿಸಿದಳಂತೆ.

“ನೈರೋಬಿಯಲ್ಲಿ ಜಪಾನಿ ಊಟ ಅಂದ್ರೆ ದೊಡ್ಡ ಹೋಟೆಲು, ಗಾಜಿನ ಬಾಗಿಲು, ಬಾಗಿಲಲ್ಲಿ ಕೋಟು ಹಾಕಿದವನು,” ಎಂದಳು ಗ್ರೇಸ್. “ಆದ್ರೆ ಇದು ಅಂಥ ಊಟ ಅಲ್ಲ. ಜಪಾನಿನಲ್ಲಿ ಇದನ್ನ ಗುಮಾಸ್ತರು ತಿಂತಾರೆ, ಹತ್ತು ನಿಮಿಷದಲ್ಲಿ ತಿಂದು ಎದ್ದು ಹೋಗ್ತಾರೆ. ಇಲ್ಲೂ ಟೈಪಿಸ್ಟು, ಸೆಕ್ಯೂರಿಟಿಯವನು ತಿನ್ನೋ ಹಾಗಿರಬೇಕು. ಇದರ ಹೆಸರು ಡೊಂಬುರಿ.”

ನನಗೆ ದೊಂಬಿ ಎಂದು ಕೇಳಿಸಿತು. ಆಮೇಲೆ ಆದದ್ದಕ್ಕೆ ಅದೇ ಸರಿಯಾದ ಹೆಸರು.

ಸಂಜೆ ಯಂತ್ರ ಕೂರಿಸಿ, ಒಂದೇ ತಟ್ಟೆಯಲ್ಲಿ ಸ್ವಲ್ಪ ಅಕ್ಕಿ ಹಾಕಿ ನೋಡಿದೆ. ಬೆಂದಿತ್ತು. ಅಗುಳು ಅಗುಳು ಬಿಡಿಬಿಡಿಯಾಗಿ ಉದುರುದುರಾಗಿತ್ತು. ನಮ್ಮ ಕಡೆಯಾದರೆ ಬಾಣಸಿಗರು ಮೆಚ್ಚಿ ಬೆನ್ನು ತಟ್ಟುತ್ತಿದ್ದರು. ಗ್ರೇಸ್ ಮುಖ ಸಿಂಡರಿಸಿದಳು.

“ಇಂಜಿನಿಯರ್, ಇದು ಅಂಟಬೇಕು. ಜಪಾನಿನವರು ಊಟ ಮಾಡೋ ಕಡ್ಡಿಯಲ್ಲಿ ಎತ್ತಿದರೆ ಉಂಡೆಯಾಗಿ ಬರಬೇಕು. ಟೈಮರ್ ಸ್ವಲ್ಪ ಹೆಚ್ಚಿಸಿ.”

“ಅಂಟಿದರೆ ಅದು ಅನ್ನ ಅಲ್ಲ, ಗೋಂದು,” ಎಂದೆ. “ನೀರು ಬೇಕಾದರೆ ಜಾಸ್ತಿ ಹಾಕಿ. ಟೈಮರ್ ಲೆಕ್ಕ ಹಾಕಿ ಇಟ್ಟದ್ದು.” ಅಂದವನೇ ಸೀಲು ಒತ್ತಿದೆ.

ದೊಂಬಿ

ಮಂಗಳವಾರ ಮಧ್ಯಾಹ್ನ ಒಂದು ಗಂಟೆಗೆ ಅಂಗಡಿಯ ಮುಂದೆ ಜನ ಸೇರಿದರು. ಹೊಸ ಅಂಗಡಿ, ಹೊಸ ತಿಂಡಿ, ಕೈಗೆಟುಕುವ ಬೆಲೆ ಎಂದು ಕಟ್ಟಡದ ತುಂಬ ಸುದ್ದಿಯಾಗಿತ್ತು. ನಮ್ಮ ದರ್ಶಿನಿಯಲ್ಲಾದರೆ ಇಷ್ಟು ಹೊತ್ತಿಗೆ ನೂರು ಕೈ ಕೌಂಟರಿನ ಮೇಲೆ ಚೀಟಿ ಬೀಸುತ್ತಿರುತ್ತವೆ. ಅಲ್ಲಿ ಒಬ್ಬರ ಹಿಂದೆ ಒಬ್ಬರು ಮಾತಿಲ್ಲದೆ ನಿಂತಿದ್ದರು. ಬೈಯುವವರನ್ನು ಸಂಭಾಳಿಸಬಹುದು, ಸುಮ್ಮನೆ ಕಾಯುವವರನ್ನು ಏನು ಮಾಡುವುದು?

ಈ ಸಲ ಎಲ್ಲ ತಟ್ಟೆಗಳೂ ತುಂಬಿದ್ದವು. ಟೈಮರ್ ಟಣ್ ಎಂದಿತು. ಗ್ರೇಸ್ ಬಾಗಿಲು ತೆಗೆದು ಒಂದು ಅಗುಳನ್ನು ಬೆರಳಲ್ಲಿ ಹಿಸುಕಿದಳು. ಹೊರಗೆ ಬೆಂದು ನಡುವೆ ಗಟ್ಟಿ, ಬಿಳಿಯ ಚುಕ್ಕೆ. ಪಕ್ಕದ ಒಲೆಯಲ್ಲಿ ಸೋಯಾ ಸಾಸು, ಸಕ್ಕರೆ, ಈರುಳ್ಳಿಯಲ್ಲಿ ಬೆಂದ ಕೋಳಿಯ ಮೇಲೆ ಮೊಟ್ಟೆ ಒಡೆದು ಸುರಿದು ಸಿದ್ಧವಾಗಿತ್ತು. ಮೇಲೆ ಹಾಕುವ ಸಾರು ಸಿದ್ಧ, ಕೆಳಗಿನ ಅನ್ನವೇ ಇಲ್ಲ. ಮತ್ತೊಮ್ಮೆ ಗುಂಡಿ ಒತ್ತಿದೆವು. ಮೊದಲ ಸಲ ಅರ್ಧ ಬೆಂದು ಆರಿದ ಅನ್ನ ಎರಡನೇ ಸಲಕ್ಕೆ ಮೇಲೆಲ್ಲ ಗಂಜಿಯಾಯಿತು, ನಡುವಿನ ಗಟ್ಟಿ ಹಾಗೆಯೇ ಇತ್ತು. ಜನ ಗಡಿಯಾರ ನೋಡಿ, ಒಬ್ಬೊಬ್ಬರಾಗಿ ಪಕ್ಕದ ಅಂಗಡಿಯ ಚಪಾತಿಗೆ ಹೋದರು. ಹೋಗುವಾಗ ಪ್ರತಿಯೊಬ್ಬರೂ ನನ್ನ ಕಡೆ ನೋಡಿ “ಪೋಲೆ” ಎಂದರು.

ಬುಧವಾರವೂ ಇದೇ ಕಥೆ. ನೀರು ಹೆಚ್ಚು ಹಾಕಿದೆವು, ಅಕ್ಕಿ ನೆನೆಸಿದೆವು, ಪೈಪು ಬಿಚ್ಚಿ ಊದಿದೆ, ಬಾಗಿಲ ರಬ್ಬರು ಬದಲಿಸಿದೆ. ನಾಲ್ಕು ಮಡಿಕೆಯ ಪ್ಯಾಂಟು ಮಡಿಕೆ ಬಿಚ್ಚಿಕೊಂಡು ನೆಲದ ನೀರನ್ನೆಲ್ಲ ಹೀರಿತು. ಆ ದಿನವೂ ಸಾಲು ಕರಗಿತು. ಗ್ರೇಸ್ ಅದೇ ಅಕ್ಕಿಯನ್ನು ತನ್ನ ಸ್ವಂತ ಪಾತ್ರೆಯಲ್ಲಿ, ಗ್ಯಾಸಿನ ಮೇಲೆ ಬೇಯಿಸಿ ತಂದು ನನ್ನ ಮೂಗಿನ ಕೆಳಗೆ ಹಿಡಿದಳು. ಬಿಳಿಯ ಮಲ್ಲಿಗೆಯ ಹಾಗಿತ್ತು.

“ಅಕ್ಕಿ ಸರಿಯಿದೆ, ನನ್ನ ಕೈ ಸರಿಯಿದೆ. ಇನ್ನೇನು ಉಳೀತು, ಇಂಜಿನಿಯರ್?”

“ಪಾತ್ರೆಯ ಅನ್ನ ಬೇರೆ, ಯಂತ್ರದ ಅನ್ನ ಬೇರೆ,” ಎಂದೆ. “ನಿಮಗೆ ಯಂತ್ರ ಅಭ್ಯಾಸವಿಲ್ಲ.”

ಹಾಗೆ ಹೇಳುವಾಗ ನನಗೆ ಪೂರ್ತಿ ನಂಬಿಕೆ ಇತ್ತೇ? ಇರಲಿಲ್ಲ ಎಂದರೆ ಸುಳ್ಳಾಗುತ್ತದೆ, ಇತ್ತು ಎಂದರೂ ಪೂರ್ತಿ ನಿಜವಲ್ಲ. ನನ್ನ ಯಂತ್ರ ತಪ್ಪುವುದಿಲ್ಲ ಎಂಬುದು ನನಗೆ ಗೊತ್ತಿದ್ದ ವಿಷಯ, ಅಷ್ಟೇ. ಮಧ್ಯಾಹ್ನ ಮೂರಕ್ಕೆ ಹಸ್ಮುಖ್‌ಭಾಯ್ ಬಂದರು. ಚಹಾ ತರಿಸಲಿಲ್ಲ.

“ಚಂದ್ರಪ್ಪಾ ಭಾಯ್, ಒಂದೇ ಮಾತು ಹೇಳಿ. ಮಿಷನ್ನೋ, ಅಡುಗೆಯವಳೋ?”

ಗ್ರೇಸ್ ನಾಲ್ಕು ಹೆಜ್ಜೆ ಆಚೆ ಪಾತ್ರೆ ತಿಕ್ಕುತ್ತಿದ್ದಳು. ನೀರು ನಿಲ್ಲಿಸಿದಳು. ನಾನು ಆಕೆಯ ಕಡೆ ನೋಡದೆ, “ಮಿಷನ್ ಸರಿಯಿದೆ” ಎಂದೆ. ಸರ್ವಿಸ್ ರಿಪೋರ್ಟಿನಲ್ಲಿ ‘ನಡೆಸುವವರ ತಪ್ಪು’ ಎಂದು ಬರೆದು ಸಹಿ ಹಾಕಿಕೊಟ್ಟೆ. ನೀರಿನ ಸದ್ದು ಮತ್ತೆ ಶುರುವಾಯಿತು.

ತೊಗರಿಬೇಳೆ

ಸಂಜೆ ಮನೆಗೆ ಬಂದರೆ ಮಹೇಶರ ಹೆಂಡತಿ ಸುಮನಾ ಅಡುಗೆಮನೆಯಲ್ಲಿ ಗೊಣಗುತ್ತಿದ್ದರು. ಕುಕ್ಕರಿನ ಗ್ಯಾಸ್ಕೆಟ್ ಹರಿದುಹೋಗಿ, ಬೇಳೆಯನ್ನು ತೆರೆದ ಪಾತ್ರೆಯಲ್ಲಿ ಇಟ್ಟಿದ್ದರು.

“ಸಾರಿ ಚಂದ್ರಪ್ಪನವ್ರೇ, ಊಟ ಲೇಟಾಗತ್ತೆ. ಒಂದೂವರೆ ಗಂಟೆಯಿಂದ ಕುದೀತಾನೇ ಇದೆ, ಬೇಳೆ ಮಾತ್ರ ಕಲ್ಲು. ಈ ಊರಲ್ಲಿ ಕುಕ್ಕರ್ ಇಲ್ಲ ಅಂದ್ರೆ ಏನೂ ಬೇಯಲ್ಲ. ಅಷ್ಟು ಹೈಟಲ್ಲಿದೀವಲ್ಲ, ಬೆಂಗ್ಳೂರಿನ ಎರಡರಷ್ಟು.”

“ವಾಟರ್ ಬಾಯ್ಲ್ಸ್ ಅಟ್ ಲೋವರ್ ಟೆಂಪರೇಚರ್,” ಎಂದಳು ತನ್ವಿ, ಹೋಂವರ್ಕಿನಿಂದ ತಲೆ ಎತ್ತದೆ. “ವಿ ಲರ್ನ್ಡ್ ಇಟ್.”

ನಾನು ನಿಂತಲ್ಲೇ ನಿಂತೆ. ಆಮೇಲೆ ಪೆಟ್ಟಿಗೆಯಿಂದ ಥರ್ಮಾಮೀಟರ್ ತಂದು ಕುದಿಯುವ ಬೇಳೆಗೆ ಇಳಿಬಿಟ್ಟೆ. ಸುಮನಾ ಗಾಬರಿಯಿಂದ ನೋಡುತ್ತಿದ್ದರು. ತೊಂಬತ್ತನಾಲ್ಕು. ಕೊತಕೊತ ಕುದಿಯುತ್ತಿದೆ, ಆದರೂ ತೊಂಬತ್ತನಾಲ್ಕು. ಪೀಣ್ಯದಲ್ಲಿ ತೊಂಬತ್ತೇಳು ಬರುತ್ತದೆ, ಟೈಮರ್ ಹೊಂದಿಸಿದ್ದು ಅದಕ್ಕೆ. ಇಲ್ಲಿಯ ಹಬೆಗೆ ಅಷ್ಟು ಕಾವಿಲ್ಲ. ಒಂದು ತಟ್ಟೆಯಾದರೆ ಹೇಗೋ ಬೇಯುತ್ತದೆ. ಎಲ್ಲ ತಟ್ಟೆ ತುಂಬಿದರೆ ನಡುಗಾಳು ಬೇಯುವ ಮೊದಲೇ ನನ್ನ ಟೈಮರ್ ಹಬೆ ನಿಲ್ಲಿಸುತ್ತದೆ. ಹೆಚ್ಚಿಸೋಣವೆಂದರೆ ನನ್ನ ಸೀಲು. ಮೊದಲ ದಿನವೇ ಆಕೆ ಕೇಳಿದ್ದು ಅದನ್ನೇ ಅಲ್ಲವೇ, ಸ್ವಲ್ಪ ಹೆಚ್ಚಿಸಿ ಎಂದು!

ಒಂಬತ್ತು ವರ್ಷದ ಮಗುವಿಗೆ ಗೊತ್ತಿದ್ದದ್ದು, ಇಪ್ಪತ್ತೆರಡು ವರ್ಷ ಹಬೆಯ ಜೊತೆ ಬದುಕಿದವನಿಗೆ ಹೊಳೆಯಲಿಲ್ಲ. ಹಸ್ಮುಖ್‌ಭಾಯ್‌ಗೆ ಫೋನು ಮಾಡಿದೆ. ನಾನು ಬಾಯಿ ತೆರೆಯುವ ಮೊದಲೇ ಅವರು, “ಚಿಂತೆ ಬೇಡ, ಬೇರೆ ಅಡುಗೆಯವನನ್ನ ನೋಡಿದೀನಿ. ಗ್ರೇಸ್‌ಗೆ ನಾಳೆಯಿಂದ ಬರಬೇಡ ಅಂತ ಹೇಳಾಯ್ತು” ಎಂದರು. ನಾಳೆ ಬರುತ್ತೇನೆ ಎಂದಷ್ಟೇ ಹೇಳಿ ಇಟ್ಟುಬಿಟ್ಟೆ. ಬೇಳೆ ಕೊನೆಗೂ ಬೆಂದಿತ್ತು, ಸಾರು ಚೆನ್ನಾಗಿಯೇ ಇತ್ತು. ನಾನು ತಟ್ಟೆ ಬಿಟ್ಟು ಎದ್ದೆ.

ಮಟಾಟು

ಮರುದಿನ ಬೆಳಿಗ್ಗೆ ಮಹೇಶ್ ಟ್ಯಾಕ್ಸಿ ಕರೆಸುತ್ತೇನೆ ಎಂದರು. ಅರ್ಧ ಗಂಟೆ ಕಾದರೂ ಅದು ಟ್ರಾಫಿಕ್ಕಿನಲ್ಲೇ ಇತ್ತು. ತಡೆಯಲಾರದೆ ನಡೆದುಹೋಗಿ ದೊಡ್ಡ ರಸ್ತೆಯಲ್ಲಿ ಮಟಾಟು ಹತ್ತಿದೆ. ನಮ್ಮ ಮ್ಯಾಕ್ಸಿಕ್ಯಾಬ್ ಇದ್ದ ಹಾಗೆ, ಆದರೆ ಒಳಗೆ ನೇರಳೆ ದೀಪ, ಎದೆಗೂಡು ಅದುರುವ ಹಾಡು. “ನಗಾರ” ಎಂದೆ. ಕಂಡಕ್ಟರಿಗೆ ತಿಳಿಯಲಿಲ್ಲ. ಮೂರು ಥರ ಹೇಳಿ ನೋಡಿದೆ. ಕೊನೆಗೆ ಪಕ್ಕದ ಹೆಂಗಸು ಸರಿಯಾಗಿ ಹೇಳಿದಳು. ಹದಿನೈದು ನಿಮಿಷ ಹೋದ ಮೇಲೆ ಡ್ರೈವರಿಗೆ ಏನನ್ನಿಸಿತೋ, ಮುಂದೆ ಜಾಮ್ ಇದೆ, ನಾನು ವಾಪಸ್ ಹೋಗುತ್ತೇನೆ ಎಂದು ನಮ್ಮನ್ನೆಲ್ಲ ಇಳಿಸಿ ಇನ್ನೊಂದು ಮಟಾಟುವಿಗೆ ತುಂಬಿದ. ನಮ್ಮೂರಲ್ಲಾಗಿದ್ದರೆ ಡ್ರೈವರನ ಕಾಲರು ಕಿತ್ತುಬರುತ್ತಿತ್ತು. ಇವರು ಸುಮ್ಮನೆ ಇಳಿದು, ಸುಮ್ಮನೆ ಹತ್ತಿದರು. ನಾನೊಬ್ಬನೇ ರಸ್ತೆ ಮಧ್ಯೆ ನಿಂತು ಕನ್ನಡದಲ್ಲಿ ಬೈಯುತ್ತಿದ್ದೆ. ಪಕ್ಕದ ಹೆಂಗಸು ನನ್ನ ತೋಳು ಹಿಡಿದು ಹತ್ತಿಸುತ್ತ “ಪೋಲೆ, ಪೋಲೆ” ಎಂದಳು. ಈ ಸಲ ಸಿಟ್ಟು ಬರಲಿಲ್ಲ, ಅಳು ಬರುವಂತಾಯಿತು.

ಹಸ್ಮುಖ್‌ಭಾಯ್ ನನ್ನ ಮಾತನ್ನು ಪೂರ್ತಿ ಕೇಳಿದರು. ಆಮೇಲೆ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು.

“ಅಂದ್ರೆ ಟೈಮರ್ ಹೆಚ್ಚಿಸಿದ್ರೆ ಮಿಷನ್ ಸರಿಹೋಗತ್ತೆ. ಅಷ್ಟೇ ತಾನೆ? ಮಾಡಿಬಿಡಿ. ಹೊಸಬ ಬರ್ತಾನೆ, ಅನ್ನ ಬೇಯತ್ತೆ, ಕಥೆ ಮುಗೀತು. ನಿಮ್ಮ ಹೆಸರು ಯಾಕೆ ಕೆಡಿಸ್ಕೋತೀರಿ?”

ಆ ಮಾತು ನನಗೆ ಹಿಡಿಸಲಿಲ್ಲ ಎಂದು ಬರೆದರೆ ಓದುವವರು ಮೆಚ್ಚಬಹುದು. ಆದರೆ ಅದು ಹಿಡಿಸಿತು. ಇನ್ನೂ ಮೂರು ಯಂತ್ರಗಳ ಮಾತುಕತೆ ಇದೇ ಮನುಷ್ಯನ ಜೊತೆ ನಡೆಯುತ್ತಿತ್ತು. ಅವರು ತರಿಸಿದ ಚಹಾವನ್ನು ಪೂರ್ತಿ ಕುಡಿದೆ. ಆಗ ನೆನಪಾದದ್ದು ನಿಂತುಹೋದ ನಲ್ಲಿಯ ಸದ್ದು. ನಾನು ಏನು ಹೇಳುತ್ತೇನೆಂದು ಕೇಳಲು ಆಕೆ ನೀರು ನಿಲ್ಲಿಸಿದ್ದಳು.

“ಹಳೇ ರಿಪೋರ್ಟ್ ಕೊಡಿ,” ಎಂದೆ. ಅದನ್ನು ಹೊಡೆದುಹಾಕಿ, ಕೆಳಗೆ ‘ಯಂತ್ರ ಕೂರಿಸಿದವನ ತಪ್ಪು’ ಎಂದು ಬರೆದು ಸಹಿ ಮಾಡಿದೆ. “ಗ್ರೇಸ್ ಇಲ್ಲದೆ ನಾನು ಸೀಲು ಬಿಚ್ಚಲ್ಲ, ಭಾಯ್.”

ಬೆಂಗಳೂರಿಗೂ ಅಲ್ಲಿಂದಲೇ ಫೋನು ಮಾಡಿದೆ. ಮಾಲೀಕರ ದನಿ ಪಾತ್ರೆ ಅಂಗಡಿಯ ಆ ತುದಿಗೂ ಕೇಳಿಸಿತು. “ಬರ್ಕೊಟ್ಯಾ? ಕೈಯಾರೆ ಬರ್ಕೊಟ್ಯಾ? ಯಾವನಾದ್ರೂ ಬರ್ಕೊಡ್ತಾನೇನಯ್ಯಾ ಹಂಗೆ! ಬಾ ನೀನು, ಇಲ್ಲಿ ಬಾ!” ಹಸ್ಮುಖ್‌ಭಾಯ್‌ಗೆ ಕನ್ನಡ ಬಾರದಿದ್ದರೂ ಎಲ್ಲ ಅರ್ಥವಾಯಿತು. ತಲೆ ಕೆರೆದುಕೊಂಡು, “ಅವಳು ನನ್ನ ಫೋನ್ ಎತ್ತಲ್ಲ ಈಗ. ಪಾತ್ರೆ, ಚಾಕು ತಗೊಂಡು ಹೋಗೋಕೆ ಹನ್ನೊಂದಕ್ಕೆ ತಿಂಡಿ ಅಂಗಡಿಗೆ ಬರ್ತೀನಿ ಅಂದಿದ್ಳು. ನಡೀರಿ, ನಾನೂ ಬರ್ತೀನಿ” ಎಂದು ಕಾರಿನ ಕೀಲಿ ತೆಗೆದುಕೊಂಡರು.

ಪಾತ್ರೆ

ಗ್ರೇಸ್ ಚಾಕುಗಳನ್ನು ಬಟ್ಟೆಯಲ್ಲಿ ಸುತ್ತುತ್ತಿದ್ದಳು. ನನ್ನನ್ನು ನೋಡಿದರೂ ನೋಡದವಳಂತಿದ್ದಳು. ತಪ್ಪು ನನ್ನದು ಎಂದೆ, ಎತ್ತರದ ವಿಷಯ ಹೇಳಿದೆ, ರಿಪೋರ್ಟ್ ತೋರಿಸಿದೆ. ಓದಿದಳು. ಆ ಊರಿನ ಭಾಷೆಯಲ್ಲಿ ನನಗೆ ಗೊತ್ತಿದ್ದ ಒಂದೇ ಮಾತನ್ನು ಎರಡು ಕೈ ಜೋಡಿಸಿ ಹೇಳಿದೆ. “ಪೋಲೆ.”

ಆಕೆ ಚಾಕುಗಳ ಗಂಟನ್ನು ಮೇಜಿನ ಮೇಲೆ ಇಟ್ಟಳು.

“ಇಂಜಿನಿಯರ್, ಪೋಲೆ ಅನ್ನೋದು ದಾರೀಲಿ ಹೋಗೋರು ಹೇಳೋ ಮಾತು. ಯಾರೋ ಬಿದ್ದರೆ, ಯಾರದೋ ಬಸ್ಸು ತಪ್ಪಿದರೆ ಹೇಳೋದು. ನೀವೇ ತಳ್ಳಿಬಿಟ್ಟು ಪೋಲೆ ಅನ್ನೋಕಾಗಲ್ಲ. ಅದಕ್ಕೆ ಬೇರೆ ಮಾತಿದೆ. ನಿಸಮೆಹೆ. ನನ್ನನ್ನು ಕ್ಷಮಿಸು ಅಂತ.”

“ನಿಸಮೆಹೆ,” ಎಂದೆ.

“ಹ್ಞೂ,” ಎಂದಳು. ಕ್ಷಮಿಸಿದೆ ಎನ್ನಲಿಲ್ಲ. ಹಸ್ಮುಖ್‌ಭಾಯ್ ಕಡೆ ತಿರುಗಿ ಸ್ವಾಹಿಲಿಯಲ್ಲಿ ಐದು ನಿಮಿಷ ಮಾತಾಡಿದಳು. ಏನೆಂದು ನನಗೆ ತಿಳಿಯಲಿಲ್ಲ, ಆದರೆ ಅಷ್ಟು ದೊಡ್ಡ ವ್ಯಾಪಾರಿ ನೆಲ ನೋಡುತ್ತ ಶಾಲೆಯ ಹುಡುಗನಂತೆ ನಿಂತಿದ್ದರು. ಮುಗಿದ ಮೇಲೆ ಆಕೆ ನನ್ನ ಕೈಯಿಂದ ಕಟಿಂಗ್ ಪ್ಲೇಯರ್ ತೆಗೆದುಕೊಂಡು, ಯಂತ್ರದ ಹತ್ತಿರ ಹೋಗಿ ಸೀಲನ್ನು ತಾನೇ ಕತ್ತರಿಸಿದಳು. ಸೀಸದ ತುಂಡು ಟಿಣ್ ಎಂದು ನೆಲಕ್ಕೆ ಬಿತ್ತು.

ಮಧ್ಯಾಹ್ನವಿಡೀ ಇಬ್ಬರೂ ಅನ್ನ ಬೇಯಿಸಿದೆವು. ಆಕೆ ಅಕ್ಕಿ ತೊಳೆಯುವುದನ್ನು ನನಗೇ ಒಪ್ಪಿಸಿದಳು. ನೀರು ತಿಳಿಯಾಗುವವರೆಗೆ ತೊಳೆಯಬೇಕು. ತಿಳಿಯಾಯಿತು ಎಂದು ನಾನು ಹೇಳಿದಾಗಲೆಲ್ಲ ಬಗ್ಗಿ ನೋಡಿ “ಇನ್ನೊಂದು ಸಲ” ಎನ್ನುತ್ತಿದ್ದಳು. ಬೆರಳುಗಳು ಸುಕ್ಕುಗಟ್ಟಿದವು. ಹಬೆ ನಿಂತ ಮೇಲೆ ಬಾಗಿಲು ತೆಗೆಯಲು ಹೋದರೆ ಕೈ ಮೇಲೆ ಪಟ್ ಎಂದು ಹೊಡೆದು, ಹತ್ತು ನಿಮಿಷ ಮುಚ್ಚಿಯೇ ಇರಲಿ ಎಂದಳು. ನಾಲ್ಕನೇ ಸಲಕ್ಕೆ, ಟೈಮರನ್ನು ನಾನು ಎಂದೂ ಇಡದಷ್ಟು ಮುಂದಕ್ಕೆ ತಿರುಗಿಸಿದ ಮೇಲೆ, ಅಗುಳಿನ ನಡುವಿನ ಚುಕ್ಕೆ ಹೋಯಿತು.

ಶುಕ್ರವಾರ

ಸೂಟ್‌ಕೇಸ್ ಬಂತು. ನನ್ನದೇ ಪ್ಯಾಂಟಿನಲ್ಲಿ ಅಂಗಡಿಗೆ ಹೋದೆ. ಯಾರೂ ಗಮನಿಸಲಿಲ್ಲ.

ಎರಡು ದಿನ ಉಪವಾಸ ಕಳಿಸಿದ ಅಂಗಡಿಗೆ ಜನ ಯಾಕೆ ಬರುತ್ತಾರೆ ಎಂದುಕೊಂಡಿದ್ದೆ. ಒಂದು ಗಂಟೆಗೆ ನಾಲ್ಕೈದು ಜನ ಬಂದು ದೂರದಲ್ಲಿ ನಿಂತು ನೋಡಿದರು. ಗ್ರೇಸ್ ಬಾಗಿಲು ತೆಗೆದಳು. ಹಬೆ ಆರಿದ ಮೇಲೆ ಬಟ್ಟಲಿಗೆ ಅನ್ನ ಹಾಕಿ, ಮೇಲೆ ಕೋಳಿ, ಮೊಟ್ಟೆ, ಎಳೆ ಈರುಳ್ಳಿ ಸೊಪ್ಪು ಉದುರಿಸಿ ಮೊದಲನೆಯದನ್ನು ಕಟ್ಟಡದ ಸೆಕ್ಯೂರಿಟಿಯವನಿಗೆ ಕೊಟ್ಟಳು. ಅವನು ಗೋಡೆಗೆ ಒರಗಿ ನಿಂತು, ಕಡ್ಡಿಯನ್ನು ಪಕ್ಕಕ್ಕಿಟ್ಟು, ಚಮಚದಲ್ಲಿ ತಿನ್ನತೊಡಗಿದ. ಎರಡನೇ ತುತ್ತಿಗೆ ಸ್ನೇಹಿತನನ್ನು ಕೈ ಬೀಸಿ ಕರೆದ. ಅಲ್ಲಿಂದ ಸಾಲು ಬಾಗಿಲವರೆಗೂ ಬೆಳೆಯಿತು. ಹಸ್ಮುಖ್‌ಭಾಯ್ ಬಟ್ಟಲು ಎತ್ತಿಕೊಡುತ್ತ ಓಡಾಡಿದರು.

ಸಾಲು ಸ್ವಲ್ಪ ತಗ್ಗಿದಾಗ ಗ್ರೇಸ್ ಒಂದು ಬಟ್ಟಲನ್ನು ನನ್ನ ಮುಂದೆ ಇಟ್ಟಳು. ಇಷ್ಟು ದಿನ ಇದರ ಹಿಂದೆ ಬಿದ್ದಿದ್ದರೂ ಒಂದು ಸಲವೂ ಪೂರ್ತಿ ತಿಂದಿರಲಿಲ್ಲ. ಕೋಳಿಗೆ ಸಕ್ಕರೆ ಹಾಕುವುದೇ ನನಗೆ ಒಗ್ಗದ ವಿಷಯ, ಒಂದು ಹಸಿಮೆಣಸಿನಕಾಯಿ ಇದ್ದಿದ್ದರೆ ಎಂದುಕೊಂಡೇ ಶುರುಮಾಡಿದೆ. ಅಂಟಂಟು ಅನ್ನ ಆ ಸಿಹಿ ಉಪ್ಪಿನ ಸಾರನ್ನು ಹೀರಿಕೊಂಡು, ಮೊಟ್ಟೆಯ ಜೊತೆ ಮೆತ್ತಗೆ ಗಂಟಲಿಗಿಳಿಯಿತು. ಉದುರು ಅನ್ನವಾಗಿದ್ದರೆ ಸಾರೆಲ್ಲ ತಳ ಸೇರುತ್ತಿತ್ತು. ಯಾಕೆ ಅಂಟಬೇಕು ಎಂಬುದು ಬಟ್ಟಲು ಅರ್ಧವಾದಾಗ ತಿಳಿಯಿತು.

“ನನ್ನ ಮೇಲಿನ ಸಿಟ್ಟು ಹೋಯ್ತಾ?” ಎಂದು ಕೇಳಿದೆ.

“ಇಲ್ಲ,” ಎಂದಳು, ಮುಂದಿನ ಬಟ್ಟಲಿಗೆ ಮೊಟ್ಟೆ ಸುರಿಯುತ್ತ. “ಭಾನುವಾರ ನೀವು ವಿಮಾನ ಹತ್ತೋವರೆಗೂ ಇರತ್ತೆ. ಆರೋ ಮೊದಲು ತಿನ್ನಿ.”

ತಿಂದೆ. ತಳದಲ್ಲಿ ಅಂಟಿದ್ದ ಕೊನೆಯ ಅಗುಳನ್ನೂ ಬಿಡದೆ ಕೆರೆದು, ಖಾಲಿ ಬಟ್ಟಲನ್ನು ಕೌಂಟರಿನ ಒಳಗೆ ಚಾಚಿ ಇನ್ನೊಂದು ಕೇಳಿದೆ. ಗ್ರೇಸ್ ಬಟ್ಟಲನ್ನು ತೆಗೆದುಕೊಂಡು ತೊಳೆಯಲು ಹಾಕಿ, ಸೌಟಿನ ತುದಿಯಿಂದ ಬಾಗಿಲ ಕಡೆ ತೋರಿಸಿದಳು.

“ಸಾಲಿನಲ್ಲಿ ಬನ್ನಿ.”

ಹೋಗಿ ನಿಂತೆ. ನನ್ನ ಮುಂದೆ ಹದಿನೇಳು ಜನ ಇದ್ದರು.